‘ನಾರ್ಮಲ್’ ಎಂದು ಬರೆದ ಮೇಲಿನ ಹದಿನಾಲ್ಕು ವಾರ

ಪಶ್ಚಿಮ ಬೆಂಗಳೂರಿನ ಒಂದು ಹೆರಿಗೆ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ನಾವು ನೋಡಿಕೊಂಡ ಗರ್ಭಿಣಿಯೊಬ್ಬರ ಪ್ರಕರಣವಿದು. ಆಕೆಯ ಗುರುತು ಹತ್ತಬಹುದಾದ ವಿವರಗಳನ್ನು ಕೈಬಿಟ್ಟಿದ್ದೇನೆ. ಗರ್ಭಾವಸ್ಥೆಯ ಮಧುಮೇಹ ನಮ್ಮಲ್ಲಿ ಅಪರೂಪದ್ದಲ್ಲ, ಈಕೆಗೆ ಬಂದದ್ದು ತೀವ್ರವಾದದ್ದೂ ಅಲ್ಲ. ಆದರೂ ಇದನ್ನು ಬರೆಯಲು ಕಾರಣವಿದೆ: ಕಾಯಿಲೆಯ ಸುಳಿವು ಒಂಬತ್ತನೆಯ ವಾರದಲ್ಲೇ ಕಾಗದದ ಮೇಲಿತ್ತು, ಹದಿನಾಲ್ಕನೆಯ ವಾರದಲ್ಲಿ ನಮ್ಮ ಕೈಗೇ ಇನ್ನೊಮ್ಮೆ ಬಂದಿತ್ತು, ಎರಡು ಸಲವೂ ಅಂಕಿಯನ್ನು ಓದಿದವರು ಅದರ ಅಕ್ಕಪಕ್ಕ ಏನಿದೆ ಎಂದು ನೋಡದೆ ಹೋದರು. ಎರಡನೆಯ ಸಲ ಓದಿದವರಲ್ಲಿ ನಾನೂ ಒಬ್ಬಳು.

ಆಕೆಗೆ 31 ವರ್ಷ. ಊರು ಶಿರಾ ಕಡೆಯದು, ವಾಸ ಲಗ್ಗೆರೆಯ ಬಾಡಿಗೆ ಮನೆಯಲ್ಲಿ, ಕೆಲಸ ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಟೈಲರ್. ಇದು ಎರಡನೆಯ ಬಸಿರು. ಮೊದಲನೆಯದು ಗಂಡು, ಸಿಸೇರಿಯನ್, ಹುಟ್ಟಿದಾಗಿನ ತೂಕ 3.9 ಕಿಲೋ. ಆ ಹೆರಿಗೆಯ ತಾಯಿ ಕಾರ್ಡನ್ನು ಆಕೆ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದರು. ರಕ್ತದ ಗುಂಪು, ಹಿಮೋಗ್ಲೋಬಿನ್, ಧನುರ್ವಾಯು ಚುಚ್ಚುಮದ್ದು ಎಲ್ಲ ತುಂಬಿದ್ದ ಆ ಕಾರ್ಡಿನಲ್ಲಿ ಸಕ್ಕರೆ ಪರೀಕ್ಷೆಯ ಜಾಗ ಮಾತ್ರ ಖಾಲಿಯಿತ್ತು. ಆಕೆಯ ತಾಯಿ ಹತ್ತು ವರ್ಷದಿಂದ ಶುಗರ್ ಮಾತ್ರೆ ನುಂಗುತ್ತಿದ್ದಾರೆ. ಎತ್ತರ 153 ಸೆಂಟಿಮೀಟರ್, ಬಸಿರಿನ ಆರಂಭದ ತೂಕ 64 ಕಿಲೋ. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ 27 ದಾಟುತ್ತದೆ. ಭಾರತೀಯರಿಗೆ 23ರಿಂದಲೇ ಅಧಿಕ ತೂಕ, 25ರಿಂದ ಬೊಜ್ಜು ಎಂದು ಲೆಕ್ಕ ಹಾಕುವುದರಿಂದ, ನೋಡುವವರ ಕಣ್ಣಿಗೆ ‘ಮೈಕೈ ತುಂಬಿಕೊಂಡ’ ಹೆಂಗಸಾಗಿ ಮಾತ್ರ ಕಾಣುವ ಈಕೆ ಲೆಕ್ಕದ ಪ್ರಕಾರ ಬೊಜ್ಜಿನ ಸಾಲಿಗೆ ಸೇರುತ್ತಾರೆ. ವಯಸ್ಸು, ತೂಕ, ತಾಯಿಯ ಕಾಯಿಲೆ, ದೊಡ್ಡ ಗಾತ್ರದ ಮೊದಲ ಮಗು: ಅಪಾಯದ ಲಕ್ಷಣಗಳನ್ನು ಹುಡುಕಬೇಕಾಗಿಯೇ ಇರಲಿಲ್ಲ.

ಒಂಬತ್ತನೆಯ ವಾರದಲ್ಲಿ ಆಕೆ ಮನೆ ಹತ್ತಿರದ ಒಂದು ಖಾಸಗಿ ಕ್ಲಿನಿಕ್ಕಿಗೆ ಹೋಗಿದ್ದರು. ಅಲ್ಲಿ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಖಾಲಿ ಹೊಟ್ಟೆಯ ಸಕ್ಕರೆ ಡೆಸಿಲೀಟರಿಗೆ 96 ಮಿಲಿಗ್ರಾಂ, ಹಿಂದಿನ ಎರಡು–ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಸೂಚಿಸುವ ಎಚ್‌ಬಿಎ1ಸಿ ಶೇ. 5.9, ಹಿಮೋಗ್ಲೋಬಿನ್ 9.4 ಗ್ರಾಂ ಬಂದಿತ್ತು. ವರದಿಯಲ್ಲಿ 96ರ ಪಕ್ಕದ ಕಾಲಂನಲ್ಲಿ ‘70–110’ ಎಂದು ಅಚ್ಚಾಗಿದ್ದರಿಂದ ಆ ಅಂಕಿ ದಪ್ಪಕ್ಷರವಾಗಲಿಲ್ಲ. ಆ ಕಾಲಂ ಬಸುರಿಯಲ್ಲದವರಿಗಾಗಿ ಅಚ್ಚಾದದ್ದು. 5.9 ಮಾತ್ರ ದಪ್ಪಗೆ ಎದ್ದು ಕಾಣುತ್ತಿತ್ತು, ಏಕೆಂದರೆ 5.7ರಿಂದ 6.4ರವರೆಗಿನದು ಮಧುಮೇಹಕ್ಕೆ ಮುಂಚಿನ ಸ್ಥಿತಿ ಎಂದು ಅದರ ಕೆಳಗೇ ಟಿಪ್ಪಣಿ ಇತ್ತು. ಅಲ್ಲಿ ಏನು ಹೇಳಿದರು ಎಂದು ನಾನು ಮುಂದೆ ಕೇಳಿದಾಗ ಆಕೆ ಕೊಟ್ಟ ಉತ್ತರ ಇಷ್ಟು: “ಅದೇನೋ ಬಾರ್ಡರ್‌ನಲ್ಲೈತೆ ಅಂದ್ರು ಮೇಡಂ, ಸಿಹಿ ಕಮ್ಮಿ ಮಾಡಮ್ಮ ಅಂದ್ರು. ರಕ್ತ ಕಮ್ಮಿ ಐತೆ, ಅದುಕ್ಕೆ ಖರ್ಜೂರ, ಬೆಲ್ಲ ತಿನ್ನು ಅಂದ್ರು.” ಒಂದೇ ಉಸಿರಿನಲ್ಲಿ ಬಂದ ಈ ಎರಡು ಸಲಹೆಗಳು ಒಂದನ್ನೊಂದು ಹೊಡೆದುಹಾಕುತ್ತವೆ ಎಂಬುದು ಹೇಳಿದವರಿಗೂ ಹೊಳೆದಿರಲಿಲ್ಲ, ಕೇಳಿದವರಿಗೂ ಹೊಳೆಯಲಿಲ್ಲ.

ರಕ್ತಹೀನತೆ ಈ ಪ್ರಕರಣದಲ್ಲಿ ಬರಿಯ ಜೊತೆಗಿನ ತೊಂದರೆಯಲ್ಲ. ಎಚ್‌ಬಿಎ1ಸಿ ಅಳೆಯುವುದು ಕೆಂಪು ರಕ್ತಕಣದ ಹಿಮೋಗ್ಲೋಬಿನ್ನಿಗೆ ಎಷ್ಟು ಸಕ್ಕರೆ ಅಂಟಿಕೊಂಡಿದೆ ಎಂಬುದನ್ನು. ಕಣ ಹೆಚ್ಚು ದಿನ ರಕ್ತದಲ್ಲಿ ಉಳಿದಷ್ಟೂ ಹೆಚ್ಚು ಅಂಟಿಕೊಳ್ಳುತ್ತದೆ. ಕಬ್ಬಿಣಾಂಶದ ಕೊರತೆಯಿರುವವರಲ್ಲಿ ಹೊಸ ಕಣಗಳ ಹುಟ್ಟುವಿಕೆ ನಿಧಾನವಾಗಿ ಹಳೆಯವೇ ಹೆಚ್ಚಾಗಿರುವುದರಿಂದ, ನಿಜವಾದ ಸಕ್ಕರೆಗಿಂತ ಅಂಕಿ ಮೇಲಕ್ಕೆ ತೋರುತ್ತದೆ. ಬಸಿರು ಮುಂದುವರಿದಂತೆ ಇದಕ್ಕೆ ಉಲ್ಟಾ ನಡೆಯುತ್ತದೆ, ಕಣಗಳು ಬೇಗ ಬೇಗ ಬದಲಾಗುವುದರಿಂದ ಅಂಕಿ ಕೆಳಗಿಳಿಯುತ್ತದೆ. ಹಾಗಾಗಿ ರಕ್ತಹೀನತೆಯಿರುವ ಗರ್ಭಿಣಿಯ 5.9ನ್ನು ಅದೊಂದನ್ನೇ ಹಿಡಿದು ‘ಇವರಿಗೆ ಮೊದಲೇ ಸಕ್ಕರೆ ಏರಿತ್ತು’ ಎನ್ನಲೂ ಆಗದು, ‘ರಕ್ತ ಕಡಿಮೆಯಿದ್ದದ್ದಕ್ಕೆ ಹಾಗೆ ಬಂದಿದೆ ಬಿಡಿ’ ಎಂದು ಬದಿಗಿಡಲೂ ಆಗದು. ಹದಿನಾಲ್ಕನೆಯ ವಾರದಲ್ಲಿ ಆಕೆ ನಮ್ಮಲ್ಲಿಗೆ ಬಂದಾಗ ನಾನು ಮಾಡಿದ್ದು ಈ ಎರಡನೆಯದನ್ನು.

96ರ ಬಗ್ಗೆಯೂ ಎರಡು ಮಾತು ಹೇಳಬೇಕು, ಏಕೆಂದರೆ ಇಲ್ಲಿ ಕ್ಲಿನಿಕ್ಕಿನವರನ್ನು ಪೂರ್ತಿ ದೂರುವಂತೆಯೂ ಇಲ್ಲ. 2008ರಲ್ಲಿ ಪ್ರಕಟವಾದ ಹ್ಯಾಪೊ ಅಧ್ಯಯನ ಒಂಬತ್ತು ದೇಶಗಳ ಸುಮಾರು 25,000 ಗರ್ಭಿಣಿಯರನ್ನು ನೋಡಿ, ತಾಯಿಯ ಸಕ್ಕರೆ ಏರಿದಂತೆಲ್ಲ ಮಗುವಿನ ಗಾತ್ರವೂ ಅದರ ಹಿಂದಿನ ತೊಡಕುಗಳೂ ಏರುತ್ತಲೇ ಹೋಗುತ್ತವೆ, ಈಚೆ ಕ್ಷೇಮ, ಆಚೆ ಅಪಾಯ ಎಂಬ ಗೆರೆ ನಡುವೆ ಎಲ್ಲೂ ಇಲ್ಲ ಎಂದು ತೋರಿಸಿತು. ಗೆರೆ ಇಲ್ಲದಿದ್ದರೂ ವೈದ್ಯರಿಗೆ ಗೆರೆ ಬೇಕು. ಆ ಮಾಹಿತಿಯ ಮೇಲೆ 2010ರಲ್ಲಿ ಅಂತರರಾಷ್ಟ್ರೀಯ ತಜ್ಞರು ಖಾಲಿ ಹೊಟ್ಟೆಗೆ 92, 75 ಗ್ರಾಂ ಗ್ಲೂಕೋಸ್ ಕುಡಿದ ಒಂದು ಗಂಟೆಗೆ 180, ಎರಡು ಗಂಟೆಗೆ 153 ಎಂದು ಗೊತ್ತುಮಾಡಿದರು, ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಅದನ್ನೇ ಎತ್ತಿಕೊಂಡಿತು. ಆ ಗೆರೆಯ ಪ್ರಕಾರ 96 ಎಂದರೆ ಗರ್ಭಾವಸ್ಥೆಯ ಮಧುಮೇಹವೇ. ಆದರೆ ಹ್ಯಾಪೊದಲ್ಲಿ ಪರೀಕ್ಷೆ ನಡೆದದ್ದು 24ರಿಂದ 32ನೆಯ ವಾರದ ನಡುವೆ. ಮೊದಲ ತಿಂಗಳುಗಳಲ್ಲಿ ಖಾಲಿ ಹೊಟ್ಟೆಯ ಸಕ್ಕರೆ ತಾನಾಗಿಯೇ ಇಳಿಯುತ್ತಿರುವುದರಿಂದ, ಒಂಬತ್ತನೆಯ ವಾರಕ್ಕೆ ಅದೇ 92ನ್ನು ಹಚ್ಚಿದರೆ ಕಾಯಿಲೆ ಇಲ್ಲದವರಿಗೂ ಹಣೆಪಟ್ಟಿ ಕಟ್ಟಿದಂತಾಗುತ್ತದೆ ಎಂಬ ಆಕ್ಷೇಪ ಇದೆ, ಅದು ನ್ಯಾಯವಾದದ್ದೂ ಹೌದು. 96ಕ್ಕೆ ಆ ದಿನವೇ ಚಿಕಿತ್ಸೆ ಶುರುಮಾಡಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಅಪಾಯದ ಲಕ್ಷಣಗಳಿರುವ ಗರ್ಭಿಣಿಯಲ್ಲಿ 96, ಜೊತೆಗೆ 5.9 ಬಂದಾಗ, ಸರಿಯಾಗಿ ನಡೆಸಿದ ಇನ್ನೊಂದು ಪರೀಕ್ಷೆ ತಡವಿಲ್ಲದೆ ಆಗಬೇಕು ಎಂಬುದಷ್ಟೇ ನನ್ನ ಮಾತು.

ಆ ಇನ್ನೊಂದು ಪರೀಕ್ಷೆ ಹದಿನಾಲ್ಕನೆಯ ವಾರದಲ್ಲಿ ನಮ್ಮಲ್ಲಿ ಆಯಿತು, ಆದರೆ ಸರಿಯಾಗಿ ನಡೆಯಲಿಲ್ಲ. ಕೇಂದ್ರ ಸರ್ಕಾರದ 2014ರ ಮಾರ್ಗಸೂಚಿ, 2018ರಲ್ಲಿ ಪರಿಷ್ಕೃತವಾದದ್ದು, ಹೇಳುವ ಪದ್ಧತಿ ಸರಳವಾದದ್ದು: ಉಂಡಿರಲಿ ಬಿಡಲಿ, 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿಲಿಲೀಟರ್ ನೀರಿನಲ್ಲಿ ಕರಗಿಸಿ ಐದು–ಹತ್ತು ನಿಮಿಷದಲ್ಲಿ ಕುಡಿಯಬೇಕು, ಎರಡು ಗಂಟೆಗೆ ಸಕ್ಕರೆ ನೋಡಬೇಕು, 140 ಅಥವಾ ಅದಕ್ಕಿಂತ ಹೆಚ್ಚಾದರೆ ಮಧುಮೇಹ. ಬಸಿರಾದ ಮೇಲಿನ ಮೊದಲ ಭೇಟಿಯಲ್ಲೇ ಒಮ್ಮೆ, ಅದು ಸರಿಯಿದ್ದರೆ 24ರಿಂದ 28ನೆಯ ವಾರದೊಳಗೆ ಇನ್ನೊಮ್ಮೆ, ಎರಡರ ನಡುವೆ ಕನಿಷ್ಠ ನಾಲ್ಕು ವಾರದ ಅಂತರ. ಚೆನ್ನೈನ ಡಾ. ವಿ. ಶೇಷಯ್ಯ ಮತ್ತು ಅವರ ಜೊತೆಗಾರರು ಬಳಕೆಗೆ ತಂದ ಈ ಪದ್ಧತಿಯನ್ನು ಖಾಲಿ ಹೊಟ್ಟೆಯ ಪರೀಕ್ಷೆಗೆ ಹೋಲಿಸಿ ಕೆಲವರನ್ನು ಕೈತಪ್ಪಿಸುತ್ತದೆ ಎನ್ನುವವರಿದ್ದಾರೆ. ಆದರೆ ಬೆಳಿಗ್ಗೆ ಐದಕ್ಕೆದ್ದು ಅಡುಗೆ ಮುಗಿಸಿ, ಎರಡು ಬಸ್ಸು ಹತ್ತಿ, ಹತ್ತು ಗಂಟೆಗೆ ಸಾಲಿನಲ್ಲಿ ನಿಲ್ಲುವ ಹೆಂಗಸಿಗೆ ‘ಏನೂ ತಿನ್ನದೆ ನಾಳೆ ಬನ್ನಿ’ ಎಂದರೆ ಆ ನಾಳೆ ಬರುವುದೇ ಇಲ್ಲ ಎಂಬುದನ್ನು ನಮ್ಮ ರಿಜಿಸ್ಟರಿನ ಖಾಲಿ ಸಾಲುಗಳು ಹೇಳುತ್ತವೆ. ಆ ಕಾರಣಕ್ಕೆ ನಾನು ಈ ಪದ್ಧತಿಯ ಪರ.

ಅಂದು ಆಕೆಯ ಅಂಕಿ 134 ಬಂತು. ಸಿಸ್ಟರ್ ‘ನಾರ್ಮಲ್’ ಎಂದು ಬರೆದರು, ನಾನು ಸಹಿ ಹಾಕಿದೆ. ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟು, 24ನೆಯ ವಾರಕ್ಕೆ ಮತ್ತೆ ಬನ್ನಿ ಎಂದು ಹೇಳಿ ಕಳಿಸಿದೆವು. ಬಹಳ ದಿನಗಳ ನಂತರ, ಈ ಪ್ರಕರಣದ ಕಾಗದಗಳನ್ನೆಲ್ಲ ಜೋಡಿಸುವಾಗ, ಆ ದಿನದ ಗ್ಲೂಕೋಸ್ ರಿಜಿಸ್ಟರನ್ನೂ ಪ್ರಯೋಗಾಲಯದ ರಿಜಿಸ್ಟರನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಗ್ಲೂಕೋಸ್ ಕುಡಿಯಲು ಶುರುಮಾಡಿದ್ದು 10.40ಕ್ಕೆ. ರಕ್ತ ತೆಗೆದದ್ದು 1.05ಕ್ಕೆ. ಎರಡು ಗಂಟೆಯ ಪರೀಕ್ಷೆ ಎರಡು ಗಂಟೆ ಇಪ್ಪತ್ತೈದು ನಿಮಿಷದ ಪರೀಕ್ಷೆಯಾಗಿತ್ತು. ಅಂದು ಸಾಲು ಉದ್ದವಿತ್ತು, ರಕ್ತ ತೆಗೆಯುವವರು ಒಬ್ಬರೇ ಇದ್ದರು, ಆಕೆಯೂ ಕರೆದಾಗ ನೀರು ಕುಡಿಯಲು ಹೊರಗೆ ಹೋಗಿದ್ದರಂತೆ. ಆ ಹೊತ್ತಿಗೆ ಸಕ್ಕರೆ ಸಾಮಾನ್ಯವಾಗಿ ಇಳಿಮುಖವಾಗಿರುತ್ತದೆ. 12.40ಕ್ಕೆ ಅದು 140 ದಾಟಿತ್ತೋ ಇಲ್ಲವೋ ಎಂಬುದು ಇನ್ನು ತಿಳಿಯುವಂತಿಲ್ಲ, ಆದರೆ 134ನ್ನು 140ರ ಗೆರೆಗೆ ಹೋಲಿಸುವ ಹಕ್ಕು ನಮಗಿರಲಿಲ್ಲ. ಆರು ಮಿಲಿಗ್ರಾಂ ಅಂತರದಲ್ಲಿ ನಿಂತಿದ್ದ ಅಂಕಿಯ ಪಕ್ಕ ಹೊತ್ತನ್ನು ನೋಡುವುದು ಯಾರಿಗೂ ತೋಚಲಿಲ್ಲ.

ಇಪ್ಪತ್ತನಾಲ್ಕನೆಯ ವಾರಕ್ಕೆ ಆಕೆ ಬರಲಿಲ್ಲ. ಕಾರ್ಖಾನೆಯಲ್ಲಿ ತಿಂಗಳಿಗೊಂದು ರಜೆ ಹೆಚ್ಚಾದರೂ ಹಾಜರಾತಿ ಬೋನಸ್ ಕೈಬಿಡುತ್ತದೆ, ಆ ತಿಂಗಳ ರಜೆ ಊರಿನ ಜಾತ್ರೆಗೆ ಮುಗಿದಿತ್ತು. ಬಂದದ್ದು 27ನೆಯ ವಾರದಲ್ಲಿ, ಆಶಾ ಕಾರ್ಯಕರ್ತೆ ಎರಡು ಸಲ ಮನೆಗೆ ಹೋಗಿ ಹೇಳಿದ ಮೇಲೆ. ಗ್ಲೂಕೋಸ್ ಕುಡಿದ ಇಪ್ಪತ್ತು ನಿಮಿಷಕ್ಕೆ ವಾಂತಿಯಾಯಿತು. ಅರ್ಧ ಗಂಟೆಯೊಳಗೆ ವಾಂತಿಯಾದರೆ ಪರೀಕ್ಷೆಯನ್ನು ಮರುದಿನ ಹೊಸದಾಗಿ ಮಾಡಬೇಕು, ಅರ್ಧ ಗಂಟೆ ಕಳೆದ ಮೇಲಾದರೆ ಮುಂದುವರಿಸಬಹುದು ಎಂಬುದು ನಿಯಮ. ಮರುದಿನಕ್ಕೆ ಮತ್ತೆ ರಜೆ ಇರಲಿಲ್ಲ. ಕೊನೆಗೆ 28ನೆಯ ವಾರದಲ್ಲಿ, ಪಕ್ಕದಲ್ಲಿ ಕೂತು ನಿಧಾನವಾಗಿ ಕುಡಿಸಿ, ಹೊತ್ತು ಬರೆದಿಟ್ಟು ಮಾಡಿದ ಪರೀಕ್ಷೆಯಲ್ಲಿ ಎರಡು ಗಂಟೆಯ ಸಕ್ಕರೆ 172 ಬಂತು.

ಬಸಿರಿನ ನಡುವಿನ ತಿಂಗಳುಗಳಿಂದ ಮಾಸುಚೀಲ ಸ್ರವಿಸುವ ಹಾರ್ಮೋನುಗಳು ತಾಯಿಯ ದೇಹದಲ್ಲಿ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಬರುತ್ತವೆ; ಮಗುವಿಗೆ ಸಕ್ಕರೆ ಧಾರಾಳವಾಗಿ ಸಿಗಲಿ ಎಂದು ದೇಹ ಮಾಡಿಕೊಂಡ ಏರ್ಪಾಡು ಅದು. ಮೇದೋಜೀರಕ ಗ್ರಂಥಿಗೆ ಕಸುವಿದ್ದರೆ ಹೆಚ್ಚು ಇನ್ಸುಲಿನ್ ಸುರಿಸಿ ಸರಿದೂಗಿಸಿಕೊಳ್ಳುತ್ತದೆ, ಮೊದಲೇ ಏದುಸಿರು ಬಿಡುತ್ತಿದ್ದ ಗ್ರಂಥಿಗೆ ಅದು ಸಾಧ್ಯವಾಗುವುದಿಲ್ಲ. ತಾಯಿಯ ಹೆಚ್ಚಿನ ಸಕ್ಕರೆ ಮಗುವಿಗೆ ದಾಟುತ್ತದೆ, ಇನ್ಸುಲಿನ್ ದಾಟುವುದಿಲ್ಲ. ಮಗು ತನ್ನದೇ ಇನ್ಸುಲಿನ್ ಹೆಚ್ಚಿಸಿಕೊಂಡು ದಪ್ಪಗಾಗುತ್ತದೆ. ಪರಿಣಾಮ ಹೆರಿಗೆಗೆ ಮುಗಿಯುವುದೂ ಇಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಅಂದರೆ ಊರಿನವರ ಮಿಷನ್ ಆಸ್ಪತ್ರೆಯಲ್ಲಿ, 1997–98ರಲ್ಲಿ ಪರೀಕ್ಷಿಸಿದ ಗರ್ಭಿಣಿಯರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸುತ್ತ ಬಂದಾಗ, ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿಗೇ ಚರ್ಮದಡಿಯ ಕೊಬ್ಬು ಹೆಚ್ಚಿರುವುದು ಕಂಡುಬಂತು.

ಊಟದ ವಿಚಾರ ಕೇಳಲು ಕೂತಾಗ ಈ ಪ್ರಕರಣದ ಎರಡನೆಯ ಗಂಟು ಬಿಚ್ಚಿಕೊಂಡಿತು. ಸಿಹಿ ತಿಂಡಿಯನ್ನು ಆಕೆ ನಿಜವಾಗಿಯೂ ಬಿಟ್ಟಿದ್ದರು. ಕಾರ್ಖಾನೆಯ ಟೀ ಜೊತೆಗಿನ ಬನ್ನನ್ನೂ ನಿಲ್ಲಿಸಿದ್ದರು. ಆದರೆ ಬೆಳಿಗ್ಗೆ ಏಳಕ್ಕೆ ಅತ್ತೆ ಕೈಗೆ ಕೊಡುತ್ತಿದ್ದ ದೊಡ್ಡ ಲೋಟದ ರಾಗಿ ಮಾಲ್ಟಿನಲ್ಲಿ ನಿಂಬೆಗಾತ್ರದ ಎರಡು ಉಂಡೆ ಬೆಲ್ಲ ಇರುತ್ತಿತ್ತು, ಜೊತೆಗೆ ನಾಲ್ಕೈದು ಖರ್ಜೂರ. ಅದಾಗಿ ಅರ್ಧ ಗಂಟೆಗೆ ಚಿತ್ರಾನ್ನ, ಮೇಲೊಂದು ಲೋಟ ಟೀ, ಟೀ ಜೊತೆಗೇ ಕಬ್ಬಿಣದ ಮಾತ್ರೆ. “ರಕ್ತ ಆಗ್ಲಿ ಅಂತ ನಮ್ಮತ್ತೆ ಮಾಡ್ಕೊಡ್ತಾರೆ ಮೇಡಂ. ರಾಗಿ ತಿಂದೋರ್ಗೆ ಶುಗರ್ ಬರಲ್ಲ ಅಂತಾರಲ್ವಾ?” ಎಂದು ಆಕೆ ಕೇಳಿದರು. ಕೇಳಿದ್ದರಲ್ಲಿ ಅರ್ಧ ಸತ್ಯವಿತ್ತು. ರಾಗಿಯಲ್ಲಿ ನಾರು, ಸುಣ್ಣದ ಅಂಶ ಚೆನ್ನಾಗಿಯೇ ಇವೆ. ಆದರೆ ನುಣ್ಣಗೆ ಬೀಸಿ, ನೀರಾಗಿ ಕುದಿಸಿ, ಬೆಲ್ಲ ಹಾಕಿ ಕುಡಿದರೆ ಅದು ರಕ್ತಕ್ಕೆ ಇಳಿಯುವ ವೇಗದಲ್ಲಿ ಅಕ್ಕಿ ಗಂಜಿಗಿಂತ ಬೇರೆಯಾಗಿ ಉಳಿಯುವುದಿಲ್ಲ. ಬೆಲ್ಲದಲ್ಲಿರುವ ಚೂರು ಕಬ್ಬಿಣದಿಂದ 9.4ರ ಹಿಮೋಗ್ಲೋಬಿನ್ ಮೇಲೇರುವುದೂ ಇಲ್ಲ. ಏರಿಸಬೇಕಾಗಿದ್ದ ಮಾತ್ರೆಯ ಸಾರವನ್ನು ಟೀ ದೇಹ ಹೀರಿಕೊಳ್ಳದಂತೆ ತಡೆಯುತ್ತಿತ್ತು. ರಕ್ತಹೀನತೆ ಮೊದಲು 5.9ನ್ನು ಅನುಮಾನಕ್ಕೆ ಗುರಿಮಾಡಿತು, ಆಮೇಲೆ ಬೆಲ್ಲದ ಲೋಟವಾಗಿ ಸಕ್ಕರೆಯನ್ನೇ ಏರಿಸಿತು.

ಅತ್ತೆಯನ್ನು ಕರೆಸಿ ಮಾತಾಡಿದ್ದು ಇಡೀ ಚಿಕಿತ್ಸೆಯಲ್ಲಿ ಅತ್ಯಂತ ಉಪಯೋಗಕ್ಕೆ ಬಂದ ಕೆಲಸ ಎಂದು ನನಗೆ ಈಗಲೂ ಅನ್ನಿಸುತ್ತದೆ. ‘ಇಬ್ಬರಿಗಾಗಿ ಉಣ್ಣಬೇಕು’ ಎಂಬ ಮಾತನ್ನು ಅವರು ಬಿಡಲಿಲ್ಲ, ನಾವು ಬಿಡಿಸಲು ಹೋಗಲೂ ಇಲ್ಲ. ಉಣ್ಣುವುದು ಯಾವುದು ಎಂಬುದರ ಕಡೆಗೆ ಮಾತು ತಿರುಗಿಸಿದೆವು. ಮಾಲ್ಟ್ ನಿಂತಿತು, ರಾತ್ರಿಯ ಮುದ್ದೆ ಅರ್ಧವಾಯಿತು. ಬಸ್ಸಾರು ಮಾಡಿದ ದಿನ ಸೊಸೆಯ ತಟ್ಟೆಗೆ ಬರಿಯ ಸಾರು ಬಂದು, ಬಸಿದ ಕಾಳು ಸೊಪ್ಪಿನ ಪಲ್ಯ ಗಂಡಸರ ತಟ್ಟೆಗೆ ಹೋಗುತ್ತಿತ್ತು. ಅದು ಮೊದಲು ಆಕೆಗೆ ಬಡಿಸುವಂತಾಯಿತು. ಬೆಳಿಗ್ಗೆಗೆ ಹೆಸರುಕಾಳಿನ ಉಸಲಿ, ಒಂದು ಮೊಟ್ಟೆ, ಎರಡು ಇಡ್ಲಿ. ಮಾತ್ರೆ ಮಧ್ಯಾಹ್ನಕ್ಕೆ, ನಿಂಬೆಹಣ್ಣಿನ ನೀರಿನ ಜೊತೆ. ಊಟವಾದ ಮೇಲೆ ಹದಿನೈದು ನಿಮಿಷ ನಡಿಗೆ. ಕಾರ್ಖಾನೆಯ ಊಟದ ಬಿಡುವಿನಲ್ಲಿ ಅಂಗಳ ಸುತ್ತಲು ಸೂಪರ್‌ವೈಸರ್ ಬಿಡುತ್ತಾರೋ ಇಲ್ಲವೋ ಎಂಬ ಅಳುಕು ಆಕೆಗಿತ್ತು, ಬಿಟ್ಟರು.

ಎರಡು ವಾರದ ನಂತರ ಮಧ್ಯಾಹ್ನದ ಊಟದ ಎರಡು ಗಂಟೆಗೆ 116, ತಿಂಡಿಯ ಎರಡು ಗಂಟೆಗೆ 139, ಖಾಲಿ ಹೊಟ್ಟೆಗೆ 97. ಬೆಳಗಿನ ಹೊತ್ತಿನಲ್ಲಿ ಇನ್ಸುಲಿನ್ನಿಗೆ ದೇಹದ ಪ್ರತಿರೋಧ ಹೆಚ್ಚಿರುವುದರಿಂದ ತಿಂಡಿಯ ಅಂಕಿ ಬಗ್ಗುವುದು ಕಷ್ಟ. ಎರಡು ವಾರ ಊಟ ಬದಲಿಸಿದ ಮೇಲೂ ಎರಡು ಗಂಟೆಯ ಸಕ್ಕರೆ 120 ಮುಟ್ಟಿದರೆ ಔಷಧಿ ಶುರುಮಾಡಬೇಕು ಎಂಬ ಸೂಚನೆಯಂತೆ ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ದಿನಕ್ಕೆರಡು ಸಲ ಕೊಟ್ಟೆವು. ಮಾತ್ರೆ ಮಾಸುಚೀಲ ದಾಟುತ್ತದೆ ಎಂಬುದನ್ನೂ, ಇನ್ಸುಲಿನ್ನಿನ ಆಯ್ಕೆಯೂ ಇದೆ ಎಂಬುದನ್ನೂ ಹೇಳಿದೆವು. ಮನೆಯಲ್ಲಿ ಫ್ರಿಜ್ ಇಲ್ಲ, ಚುಚ್ಚಿಕೊಳ್ಳಲು ಧೈರ್ಯವೂ ಇಲ್ಲ ಎಂದು ಆಕೆ ಮಾತ್ರೆಯನ್ನೇ ಆರಿಸಿಕೊಂಡರು. ಮೂವತ್ತೆರಡನೆಯ ವಾರದ ಹೊತ್ತಿಗೆ ಖಾಲಿ ಹೊಟ್ಟೆಯದು 90, ತಿಂಡಿಯ ನಂತರದ್ದು 115ಕ್ಕೆ ಇಳಿಯಿತು. ಅದೇ ವಾರದ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಹೊಟ್ಟೆಯ ಸುತ್ತಳತೆ ಮಾತ್ರ ವಾರಕ್ಕೆ ಮೀರಿ ಮುಂದಿತ್ತು. ಕಳೆದುಹೋದ ವಾರಗಳು ಅಲ್ಲಿ ಲೆಕ್ಕಕ್ಕೆ ಬಂದಿದ್ದವು. 38 ವಾರ ತುಂಬಿದ ಮೇಲೆ ಸಿಸೇರಿಯನ್ ಆಯಿತು, 3.4 ಕಿಲೋದ ಹೆಣ್ಣುಮಗು. ಹುಟ್ಟಿದ ಒಂದು ಗಂಟೆಗೆ ಮಗುವಿನ ಹಿಮ್ಮಡಿಯಿಂದ ತೆಗೆದ ರಕ್ತದಲ್ಲಿ ಸಕ್ಕರೆ 41 ಇತ್ತು, ಇರಬೇಕಾದದ್ದು ಕನಿಷ್ಠ 45. ಎದೆಹಾಲು ಕುಡಿಸಿ ಮತ್ತೆ ನೋಡಿದಾಗ 54, ಆಮೇಲೆ ಇಳಿಯಲಿಲ್ಲ.

ಹದಿನಾಲ್ಕನೆಯ ವಾರದಲ್ಲೇ ಚಿಕಿತ್ಸೆ ಆರಂಭವಾಗಿದ್ದರೆ ಏನಾಗುತ್ತಿತ್ತು? ಅಪಾಯದ ಲಕ್ಷಣಗಳಿದ್ದ ಗರ್ಭಿಣಿಯರನ್ನು 20ನೆಯ ವಾರಕ್ಕೂ ಮುಂಚೆ ಪರೀಕ್ಷಿಸಿ, ಮಧುಮೇಹ ಕಂಡವರಲ್ಲಿ ಅರ್ಧದಷ್ಟು ಮಂದಿಗೆ ಕೂಡಲೇ ಚಿಕಿತ್ಸೆ ಕೊಟ್ಟು ನೋಡಿದ ಟೊಬಾಗಮ್ ಎಂಬ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು, ಅದರಲ್ಲಿ ಭಾರತದ ಗರ್ಭಿಣಿಯರೂ ಇದ್ದರು. ನವಜಾತ ಶಿಶುಗಳ ತೊಂದರೆಗಳು ಬೇಗ ಚಿಕಿತ್ಸೆ ಪಡೆದವರಲ್ಲಿ ಶೇ. 24.9, ಪಡೆಯದವರಲ್ಲಿ ಶೇ. 30.5. ಲಾಭ ಇದೆ, ದೊಡ್ಡದಲ್ಲ. ನಮ್ಮ ಪ್ರಕರಣದಲ್ಲಿ ಔಷಧಿಯೇ ಬೇಕಾಗುತ್ತಿರಲಿಲ್ಲವೇನೋ, ಬೆಲ್ಲದ ಲೋಟ ಹದಿನಾಲ್ಕು ವಾರ ಮೊದಲೇ ನಿಂತಿರುತ್ತಿತ್ತು ಎಂಬುದಂತೂ ಖಚಿತ.

ಹೆರಿಗೆಯಾದ ಆರು ವಾರಕ್ಕೆ ತಾಯಿಗೆ ಖಾಲಿ ಹೊಟ್ಟೆಯಲ್ಲಿ ಮತ್ತೆ 75 ಗ್ರಾಂ ಪರೀಕ್ಷೆ ಆಗಬೇಕು. ನಮ್ಮಲ್ಲಿ ಅತಿ ಹೆಚ್ಚು ತಪ್ಪಿಹೋಗುವುದು ಇದೇ, ಏಕೆಂದರೆ ಆ ಹೊತ್ತಿಗೆ ಬಾಣಂತಿ ತವರಿನಲ್ಲಿರುತ್ತಾಳೆ, ಮನೆಯವರ ಪಾಲಿಗೆ ಶುಗರ್ ಹೆರಿಗೆಯೊಂದಿಗೇ ಹೋಗಿರುತ್ತದೆ. ತಾಯಿಯ ಪರೀಕ್ಷೆಗೆಂದು ಕರೆದರೆ ಬರುವವರು ಕಡಿಮೆ, ಮಗುವಿನ ಒಂದೂವರೆ ತಿಂಗಳ ಲಸಿಕೆಯನ್ನು ತಪ್ಪಿಸುವವರು ಅದಕ್ಕಿಂತ ಕಡಿಮೆ. ಹಾಗಾಗಿ ಮಗುವಿನ ಲಸಿಕೆಯ ಕಾರ್ಡಿನಲ್ಲೇ, ಪೆಂಟಾವೇಲೆಂಟ್ ಮೊದಲ ಡೋಸಿನ ಸಾಲಿನ ಎದುರಿಗೆ, ‘ತಾಯಿ ಖಾಲಿ ಹೊಟ್ಟೆಯಲ್ಲಿ ಬರಬೇಕು’ ಎಂದು ಬರೆದುಕೊಟ್ಟಿದ್ದೆವು. ಆಕೆ ಶಿರಾದಿಂದ ಬೆಳಿಗ್ಗೆಯ ಮೊದಲ ಬಸ್ಸಿಗೆ ತಾಯಿಯೊಡನೆ ಬಂದರು. ಖಾಲಿ ಹೊಟ್ಟೆಗೆ 107, ಎರಡು ಗಂಟೆಗೆ 158. ಎರಡು ಗಂಟೆಯದು 140ರಿಂದ 199ರೊಳಗೆ ಇದ್ದರೆ ಮಧುಮೇಹ-ಪೂರ್ವ ಸ್ಥಿತಿ. ಮಾಸುಚೀಲ ಹೋಗಿ ಆರು ವಾರವಾದ ಮೇಲೂ ಉಳಿದಿದ್ದ ಈ ಏರಿಕೆಯನ್ನು ಬಸಿರಿನ ತಲೆಗೆ ಕಟ್ಟಲಾಗದು.

ಪಕ್ಕದಲ್ಲಿ ಕೂತಿದ್ದ ಅವರ ತಾಯಿ, “ನನ್ನಂಗೇ ಆಯ್ತಾ ನನ್ ಮಗ್ಳಿಗೂ?” ಎಂದರು. ಇನ್ನೂ ಆಗಿಲ್ಲ ಎಂದು ಹೇಳಬೇಕಾಯಿತು. ಗರ್ಭಾವಸ್ಥೆಯ ಮಧುಮೇಹ ಬಂದವರಿಗೆ ಮುಂದೆ ಟೈಪ್ 2 ಮಧುಮೇಹ ಬರುವ ಸಂಭವ ಉಳಿದವರಿಗಿಂತ ಏಳೆಂಟು ಪಟ್ಟು ಹೆಚ್ಚು, ಕೆಲವು ಲೆಕ್ಕಗಳಲ್ಲಿ ಹತ್ತು ಪಟ್ಟಿನ ಹತ್ತಿರ. ಬಾಣಂತನದ ತುಪ್ಪ, ಅಂಟಿನುಂಡೆಯ ಮಾತು ಅಂದು ಮತ್ತೊಂದು ಅರ್ಧ ಗಂಟೆ ನಡೆಯಿತು.

ಗ್ಲೂಕೋಸ್ ರಿಜಿಸ್ಟರಿನಲ್ಲಿ ಈಗ ಎರಡು ಕಾಲಂ ಹೆಚ್ಚಾಗಿವೆ, ಕುಡಿಯಲು ಶುರುಮಾಡಿದ ಹೊತ್ತು ಮತ್ತು ರಕ್ತ ತೆಗೆದ ಹೊತ್ತು. ಎರಡರ ನಡುವಿನ ಅಂತರ ಎರಡು ಗಂಟೆಗಿಂತ ಹತ್ತು ನಿಮಿಷಕ್ಕೂ ಹೆಚ್ಚು ಆಚೀಚೆಯಾದರೆ ಅಂಕಿಯ ಎದುರು ‘ನಾರ್ಮಲ್’ ಎಂದು ಬರೆಯುವಂತಿಲ್ಲ. ಸಿಸ್ಟರ್ ಪ್ರತಿಯೊಬ್ಬರಿಗೂ ತಮ್ಮ ಮೊಬೈಲಿನಲ್ಲಿ ಅಲಾರಂ ಇಡುತ್ತಾರೆ, ಬುಧವಾರಗಳಂದು ಅದು ಕಾಲು ಗಂಟೆಗೊಮ್ಮೆ ಬಡಿಯುತ್ತಿರುತ್ತದೆ. ಹೊರಗಿನ ಪ್ರಯೋಗಾಲಯದ ವರದಿ ಬಂದರೆ ಅಚ್ಚಾದ 70–110ರ ಮೇಲೆ ಕೆಂಪು ಶಾಯಿಯಲ್ಲಿ 92 ಎಂದು ಬರೆದೇ ಮುಂದಕ್ಕೆ ಓದುತ್ತೇವೆ.

ಒಂಬತ್ತನೆಯ ತಿಂಗಳ ದಡಾರ ಲಸಿಕೆಗೆ ಆಕೆ ಮಗುವನ್ನು ಎತ್ತಿಕೊಂಡು ಬಂದಾಗ ಹಿಮೋಗ್ಲೋಬಿನ್ 12.1ಕ್ಕೆ ಏರಿತ್ತು. ಈ ಸಲ ಅನುಮಾನಕ್ಕೆ ಎಡೆಯಿಲ್ಲದ ರಕ್ತದಲ್ಲಿ ಎಚ್‌ಬಿಎ1ಸಿ ನೋಡಿದೆವು. 5.8.